ತೆಂಗಿನ ಹಾಲಿನ ಐಸ್‌ಕ್ರೀಮೋ, ಎಳನೀರಿನ ಕ್ಯಾಂಡಿಯೋ?

ಡೈರಿ ಹಾಲು ಬೇಡ, ಆದರೆ ತಣ್ಣಗಿನ ಸಿಹಿ ಬೇಕು ಅನ್ನುವವರಿಗೆ ತೆಂಗಿನಲ್ಲಿ ಎರಡು ದಾರಿ ಇವೆ.

ಸುಲಭದ್ದು ಎಳನೀರಿನ ಕ್ಯಾಂಡಿ. ಎಳನೀರು, ಸ್ವಲ್ಪ ನಿಂಬೆರಸ, ತೆಳ್ಳಗೆ ಹೆಚ್ಚಿದ ಗಂಜಿ (ಎಳನೀರಿನ ಮೆತ್ತನೆ ತಿರುಳು) ಅಚ್ಚಿಗೆ ಸುರಿದು ಫ್ರೀಜರ್‌ನಲ್ಲಿಟ್ಟರೆ ಮುಗೀತು. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ, ಮೇಲೆ ಸ್ವಲ್ಪ ಜಾಗ ಬಿಡಿ. ಎಳನೀರಿನಲ್ಲಿ ಸುಮಾರು ಶೇ. 95 ನೀರೇ ಇರುವುದರಿಂದ ಇದನ್ನು ಚೀಪಿಯೇ ತಿನ್ನಬೇಕು.

ನುಣುಪು ಬೇಕಾದರೆ ತೆಂಗಿನ ಹಾಲು. ಅದೂ ಮೊದಲ ಸಲ ಹಿಂಡಿದ ಗಟ್ಟಿ ಹಾಲು. ಎರಡನೆಯ ಹಾಲು ಸೇರಿಸಿದಷ್ಟೂ ಹರಳು ಜಾಸ್ತಿ, ಯಾಕಂದ್ರೆ ಬಾಯಲ್ಲಿ ಕರಗುವ ಆ ಮೃದುತನ ಬರುವುದೇ ಕೊಬ್ಬಿನಿಂದ. ಸಕ್ಕರೆಯನ್ನು ತೀರಾ ಕಡಿಮೆ ಮಾಡಬೇಡಿ. ಅದು ಬರೀ ಸಿಹಿಗಲ್ಲ, ನೀರು ಪೂರ್ತಿ ಗಡ್ಡೆಯಾಗದಂತೆ ತಡೆಯುವುದೂ ಅದೇ. ಚಿಟಿಕೆ ಉಪ್ಪು ಹಾಕಿ, ತೆಂಗಿನ ರುಚಿ ಎದ್ದು ಕಾಣುತ್ತದೆ.

ಮೆಷಿನ್ ಇಲ್ವಾ? ಅಗಲ ಡಬ್ಬಿಯಲ್ಲಿಟ್ಟು ಮೊದಲ 2–3 ಗಂಟೆ, ಅರ್ಧ ಗಂಟೆಗೊಮ್ಮೆ ಕಲಕಿ. ಅಂಚು ಮೊದಲು ಗಟ್ಟಿಯಾಗುತ್ತದೆ, ಅದನ್ನು ಫೋರ್ಕ್‌ನಿಂದ ಕೆರೆದು ನಡುವಿಗೆ ತನ್ನಿ. ಮಿಕ್ಸಿಯಲ್ಲಿ ಸುಮ್ನೆ ತಿರುಗಿಸುತ್ತಲೇ ಇದ್ದರೆ ಮಾತ್ರ ಕೊಬ್ಬು ಬೇರೆಯಾಗಿ ತರಿತರಿಯಾಗುತ್ತದೆ. ತಿನ್ನುವ 10 ನಿಮಿಷ ಮೊದಲು ಹೊರಗಿಡಿ.

ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಮಾಡಬೇಕಾದವರು ಕ್ಯಾಂಡಿಯನ್ನೇ ಆರಿಸಿಕೊಳ್ಳಿ. ಊಟದ ನಂತರ ಬಟ್ಟಲಲ್ಲಿ ಬಡಿಸುವುದಾದರೆ ನನ್ನ ಮತ ತೆಂಗಿನ ಹಾಲಿಗೇ, ಅಷ್ಟು ಕಲಕುವ ಶ್ರಮ ಖಂಡಿತ ಸಾರ್ಥಕ.