ಸಲಮಾಂಕಾ ಪ್ರವಾಸ: ಬೀದರಿನಿಂದ ಹೋಗುವವರಿಗೆ

ಮಹಮೂದ್ ಗವಾನ್ ಮದರಸಾದ ಅಳಿದುಳಿದ ಬಣ್ಣದ ಹಂಚುಗಳನ್ನು ನೋಡಿ ಮರುಗಿದ ಬೀದರಿನವರು ಸ್ಪೇನಿನ ಸಲಮಾಂಕಾವನ್ನು ಒಮ್ಮೆ ನೋಡಲೇಬೇಕು. 1218ರಲ್ಲಿ ಶುರುವಾದ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಪಾಠ ನಡೆಯುತ್ತದೆ.

ಸ್ಪೇನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕನಿಷ್ಠ 30,000 ಯುರೋಗಳ ಪ್ರವಾಸಿ ವೈದ್ಯಕೀಯ ವಿಮೆ ಕಡ್ಡಾಯ. ಮ್ಯಾಡ್ರಿಡ್‌ನಿಂದ ಸಲಮಾಂಕಾಕ್ಕೆ, ಚಮಾರ್ಟಿನ್ ನಿಲ್ದಾಣದ ವೇಗದ ರೈಲಿಗೆ ಸುಮಾರು ಒಂದೂಮುಕ್ಕಾಲು ಗಂಟೆ, ಬಸ್ಸಿಗೆ ಎರಡೂವರೆ. ವೇಗದ ರೈಲುಗಳು ಕಡಿಮೆ, ಟಿಕೆಟ್ ಮೊದಲೇ ತೆಗೆಯಿರಿ.

ಇಡೀ ಊರಿನ ಸೊಗಸು ಹತ್ತಿರದ ವಿಯಾಮಯೋರ್ ಊರಿನ ಮರಳುಗಲ್ಲಿನಲ್ಲಿದೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಕೆತ್ತನೆಗೆ ಒಗ್ಗುತ್ತದೆ. ಗಾಳಿಗೆ ಗಟ್ಟಿಯಾಗಿ, ಒಳಗಿನ ಕಬ್ಬಿಣದ ಅಂಶದಿಂದ ಹೊಂಬಣ್ಣಕ್ಕೆ ತಿರುಗುತ್ತದೆ. (ನಮ್ಮ ಕೋಟೆಯ ಕೆಂಪು ಜಂಬಿಟ್ಟಿಗೆಯೂ ಕಡಿದ ಮೇಲೆಯೇ ಗಟ್ಟಿಯಾಗುವುದು.) ನೆಲದ ತೇವ ಏರಿದರೆ ಈ ಕಲ್ಲು ಪದರು ಬಿಡುತ್ತದೆ, ಹಾಗಾಗಿ ಎಷ್ಟೋ ಕಟ್ಟಡಗಳ ಬುಡಕ್ಕೆ ಗ್ರಾನೈಟ್ ಹಾಕಿದ್ದಾರೆ. ಸಂಜೆಯ ಇಳಿಬಿಸಿಲಿನಲ್ಲಿ ಪ್ಲಾಸಾ ಮಯೋರ್ ಚೌಕ ನೋಡಿ.

ವಿಶ್ವವಿದ್ಯಾಲಯದ ಮುಂಭಾಗದಲ್ಲಿ, ಬಲಗಡೆಯ ಕಂಬದ ತಲೆಬುರುಡೆಯೊಂದರ ಮೇಲೆ ಸಣ್ಣ ಕಪ್ಪೆ ಕೂತಿದೆ. ಬಹಳ ಜನ ಅದನ್ನು ಹುಡುಕಿ, ಫೋಟೋ ಹೊಡೆದು ಹೊರಟುಬಿಡುತ್ತಾರೆ. ಅದೇ ದೊಡ್ಡ ತಪ್ಪು. ಟಿಕೆಟ್ ಕೊಟ್ಟು ಒಳಗೆ ಹೋಗಿ. ಹದಿನಾರನೇ ಶತಮಾನದ ಕವಿ, ಪಂಡಿತ ಫ್ರಾಯ್ ಲೂಯಿಸ್ ದೆ ಲಿಯೋನ್ ಪಾಠ ಹೇಳಿದ ಕೋಣೆಯಲ್ಲಿ ಒರಟು ತೊಲೆಗಳೇ ಬೆಂಚು. ಮದರಸಾದ ಖಾಲಿ ಕೋಣೆಗಳು ಒಂದು ಕಾಲಕ್ಕೆ ಹೇಗಿದ್ದಿರಬಹುದು ಎಂಬ ಅಂದಾಜು ಇಲ್ಲಿ ಸಿಗುತ್ತದೆ.

ಹಳೇ ಊರನ್ನೆಲ್ಲ ಕಾಲ್ನಡಿಗೆಯಲ್ಲೇ ಮುಗಿಸಬಹುದು. ಊರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಮೇ ತಿಂಗಳ ರಾತ್ರಿಗೂ ಸ್ವೆಟರ್ ಬೇಕು. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದು ಒಂಬತ್ತಕ್ಕೆ. ಓರ್ನಾಸೋ ಎಂಬ ಸ್ಥಳೀಯ ಕಡುಬಿನಲ್ಲಿ ಹಂದಿಮಾಂಸವಿರುತ್ತದೆ. ತೋರ್ತಿಯಾದಲ್ಲಿ ಮೊಟ್ಟೆ, ಆಲೂಗಡ್ಡೆ. ಪೂರಾ ಸಸ್ಯಾಹಾರಿಗಳು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ.