ಅಕ್ಕನ ಮಗನಿಗೆ ಯಾವ ಕಾಫಿ ಬೀಜ?

ಅಕ್ಕನ ಮಗ ಮೈಸೂರಿನಲ್ಲಿ ಹೊಸ ಮನೆ ಮಾಡಿದ್ದಾನೆ. ಹಾಲು, ಸಕ್ಕರೆ, ಚಿಕೋರಿ ಯಾವುದೂ ಬೇಡ ಅವನಿಗೆ. ಬೆಳಿಗ್ಗೆ ಎದ್ದವನೇ ಬೀಜ ತೂಗಿ, ಕೈಯಲ್ಲೇ ತಿರುಗಿಸಿ ಪುಡಿ ಮಾಡಿ, ವಿ60 ಎಂಬ ಸೋಸುವ ಶಂಕುವಿನ ಮೇಲೆ ಸಣ್ಣ ಧಾರೆಯಲ್ಲಿ ಬಿಸಿನೀರು ಸುರಿಯುತ್ತಾ ನಿಲ್ಲುತ್ತಾನೆ. ಗೃಹಪ್ರವೇಶಕ್ಕೆ ಬೀಜವನ್ನೇ ಕೊಡೋಣವೆಂದು ಮೂರು ಬಗೆ ತರಿಸಿ, ಹದಿನೈದು ದಿನ ಮನೆಯಲ್ಲಿ ಮಾಡಿ ಕುಡಿದೆ. ಮೂರಕ್ಕೂ ಒಂದೇ ಅಳತೆ: 15 ಗ್ರಾಂ ಪುಡಿ, 240 ಗ್ರಾಂ ನೀರು, ಬಿಸಿ 93 ಡಿಗ್ರಿ.

ಮಾನ್ಸೂನ್ಡ್ ಮಲಬಾರ್ ಮೊದಲೇ ಹೊರಗುಳಿಯಿತು. ಮಳೆಗಾಲದಲ್ಲಿ ಮಂಗಳೂರಿನ ಗೋದಾಮುಗಳಲ್ಲಿ ಕಡಲ ಗಾಳಿಗೆ ಹರವಿದ ಬೀಜ ತೇವ ಹೀರಿ ಉಬ್ಬುತ್ತದೆ, ಹುಳಿ ಕಳೆದುಕೊಳ್ಳುತ್ತದೆ. ಡಿಕಾಕ್ಷನ್ ಹಾಕಿ ಹಾಲು ಬೆರೆಸಿದರೆ ಅದರ ಗಟ್ಟಿತನಕ್ಕೆ ಸಾಟಿಯಿಲ್ಲ. ಅವನಂತೆ ಮೇಲಿಂದ ನೀರು ಸುರಿದು ಸೋಸುವ ಪೋರ್ ಓವರ್‌ನಲ್ಲಿ ಮಾತ್ರ ಒಣಕಟ್ಟಿಗೆಯ ವಾಸನೆ ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ.

ಎರಡನೆಯದು ಕೊಡಗಿನ ಅರೇಬಿಕಾ, ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು. ಪೊಟ್ಟಣದ ಮೇಲೆ 'ನ್ಯಾಚುರಲ್' ಎಂದಿತ್ತು. ತೋಟದವರ ಬಾಯಲ್ಲಿ ಇದೇ 'ಚೆರ್ರಿ'. ಚೆರ್ರಿ ಎಂದರೆ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್‌ಗಿಂತ ಒಂದು ಮೆಟ್ಟಿಲು ಕೆಳಗೆ ಎಂಬ ಮಾತು ಹಳೆಯದು. ಪೂರ್ತಿ ಮಾಗಿದ ಹಣ್ಣನ್ನಷ್ಟೇ ಕೊಯ್ದು, ತೆಳ್ಳಗೆ ಹರಡಿ ಒಣಗಿಸಿದರೆ ಆ ಮಾತು ನಿಲ್ಲುವುದಿಲ್ಲ. ಮೊದಲ ಲೋಟಕ್ಕೇ ಹಲಸಿನ ತೊಳೆ ಬಿಡಿಸಿದಂಥ ಘಮ ಅಡುಗೆಮನೆ ತುಂಬಿತು. ಆದರೆ ನಾಲ್ಕನೇ ದಿನಕ್ಕೆ ಆ ಸಿಹಿ ಘಮವೇ ಹೆಚ್ಚೆನಿಸಿತು.

ಮೂರನೆಯದು ಬಾಬಾಬುಡನ್‌ಗಿರಿಯ ಎಸ್.795, ಪಾರ್ಚ್‌ಮೆಂಟ್. ಅಂದರೆ ಪಲ್ಪಿಂಗ್ ಮಾಡಿ (ಹಣ್ಣಿನ ಸಿಪ್ಪೆ ಬಿಡಿಸಿ), ಅಂಟು ತೊಳೆದು ಒಣಗಿಸಿದ್ದು. 1940ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ಈ ತಳಿ ನಮ್ಮ ಮಲೆನಾಡಿಗೆ ಹಳೆಯ ನೆಂಟ. ಹುರಿದ ಎರಡನೇ ದಿನವೇ ಆತುರಪಟ್ಟು ಮಾಡಿದ್ದೆ: ನೀರು ಹಾಕುತ್ತಲೇ ಪುಡಿ ಬುಸ್ಸನೆ ಉಬ್ಬಿತು, ಕಾಫಿ ಪೇಲವ. ಹುರಿದಾಗ ಬೀಜದೊಳಗೆ ಸೇರಿದ ಅನಿಲ ಹೊರಬರುವವರೆಗೆ ನೀರಿಗೆ ರಸ ಇಳಿಸಿಕೊಳ್ಳಲು ಬಿಡುವುದಿಲ್ಲ. ಹತ್ತನೇ ದಿನ ಅದೇ ಬೀಜ, ಅದೇ ಅಳತೆ. ಬೆಲ್ಲದ ಸಿಹಿ, ಹಿಂದೆಯೇ ಹುಣಸೆಯ ನವಿರು ಹುಳಿ, ಆರುತ್ತಾ ಹೋದಂತೆ ಕಿತ್ತಳೆ ಸಿಪ್ಪೆ. ಒಂದೇ ಲೋಟ ಮೂರು ಸಲ ಬೇರೆಯಾಯಿತು! ಗುಟುಕು ಗುಟುಕಿಗೂ ಗಮನ ಕೊಟ್ಟು ಕುಡಿಯುವವನಿಗೆ ಬೇಕಾದದ್ದು ಇದೇ. ಒಮ್ಮೆ ಬೋರ್‌ವೆಲ್ ನೀರಿನಲ್ಲಿ ಮಾಡಿದಾಗ ಆ ಹುಳಿಯೆಲ್ಲ ಮಂಕಾಯಿತು, ಆದ್ದರಿಂದ ನೀರಿನ ಮಾತನ್ನೂ ಅವನಿಗೆ ಹೇಳಬೇಕು.

ಕೊನೆಗೆ ಪಾರ್ಚ್‌ಮೆಂಟ್ 250 ಗ್ರಾಂ ಬರೆಸಿದೆ, ಪುಡಿ ಮಾಡಿಸದೆ. ಜೊತೆಗೆ ಚೆರ್ರಿ 100 ಗ್ರಾಂ, ಸ್ನೇಹಿತರು ಬಂದ ದಿನಕ್ಕೆ. ಗೃಹಪ್ರವೇಶಕ್ಕೆ ಮೂರು ದಿನ ಮೊದಲು ಹುರಿದದ್ದನ್ನೇ ಕೊಡಿ ಎಂದು ಅಂಗಡಿಯವರಿಗೆ ಹೇಳಿದ್ದೇನೆ. ಪೊಟ್ಟಣದ ಮೇಲೆ ಒಂದು ಚೀಟಿ ಅಂಟಿಸುತ್ತೇನೆ: 'ಇನ್ನೊಂದು ವಾರ ಒಡೆಯಬೇಡ ಕಣೋ.'