ಎಫೆಸಸ್ ನೋಡಲು ಹಡಗಿನ ಬಸ್ಸೋ, ಊರಿನ ಗೈಡೋ?

ಕ್ರೂಸ್ ಹಡಗು ಟರ್ಕಿಯ ಕುಶಾದಸಿಯಲ್ಲಿ ನಿಂತರೆ ಎಲ್ಲರೂ ಹೊರಡುವುದು ಸುಮಾರು 20 ಕಿ.ಮೀ. ದೂರದಲ್ಲಿ ಪಾಳುಬಿದ್ದಿರುವ ಪ್ರಾಚೀನ ನಗರ ಎಫೆಸಸ್‌ಗೆ. ಮೊದಲ ಸಲ ನಾನೂ ಯಜಮಾನರೂ ಹಡಗಿನವರ ಬಸ್ಸಿನಲ್ಲಿ ಹೋಗಿದ್ದೆವು. ಮತ್ತೆ ಅದೇ ಬಂದರು ಸಿಕ್ಕಾಗ ಸ್ಥಳೀಯ ಗೈಡ್ ಒಬ್ಬರನ್ನು ನಾವೇ ಗೊತ್ತುಮಾಡಿಕೊಂಡೆವು. ಇನ್ನು ಮುಂದೆ ನಮಗೆ ಗೈಡೇ ಸೈ.

ಬಸ್ಸಿನ ಟೂರು ಬೇಡವಾಗಿದ್ದು ರತ್ನಗಂಬಳಿ ಅಂಗಡಿಯಿಂದ. ಪಟ್ಟಿಯಲ್ಲಿ ‘ನೇಯ್ಗೆಯ ಪ್ರಾತ್ಯಕ್ಷಿಕೆ’ ಎಂದಿತ್ತು. ಮಗ್ಗದ ಮುಂದೆ ಕೂತ ಹೆಂಗಸು ಎರಡು ಹಾಸುನೂಲಿಗೆ ಉಣ್ಣೆ ಸುತ್ತಿ ಗಂಟು ಹಾಕುತ್ತಿದ್ದ ಚುರುಕು ನಿಜಕ್ಕೂ ನೋಡುವಂತಿತ್ತು. ಅದು ಮುಗಿದಿದ್ದೇ ಎಲ್ಲರನ್ನೂ ದೊಡ್ಡ ಕೋಣೆಯಲ್ಲಿ ಕೂರಿಸಿ, ಸೇಬಿನ ಚಹಾ ಕೊಟ್ಟು, ಗಂಬಳಿಯ ಮೇಲೆ ಗಂಬಳಿ ಹಾಸತೊಡಗಿದರು.

ಬೇಡ ಎಂದವರ ಪಕ್ಕದಲ್ಲೂ ಒಬ್ಬೊಬ್ಬ ಮಾರಾಟಗಾರ ಬಂದು ಕೂತ. ಎದ್ದು ಹೋಗೋಣವೆಂದರೆ ಎಲ್ಲಿಗೆ? ಚೌಕಾಸಿ ನಡೆಸಿದವರು ಮುಗಿಸುವ ತನಕ ಬಸ್ಸು ಕದಲುವುದಿಲ್ಲ. ಅಷ್ಟು ದೂರದಿಂದ ಬಂದದ್ದು ಕಲ್ಲು ನೋಡಲು. ಎಫೆಸಸ್‌ನ ಸೆಲ್ಸಸ್ ಗ್ರಂಥಾಲಯದ ಮುಂದೆ ಮಾತ್ರ ‘ಬೇಗ ಫೋಟೊ ತೆಗೆದುಕೊಳ್ಳಿ’ ಎಂಬ ಅವಸರ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ಗೈಡ್ ಜೊತೆ ಹೋದ ದಿನ ಅಂಗಡಿಯಿಲ್ಲ. ಆ ಹೊತ್ತೆಲ್ಲ ಟೆರೇಸ್ ಮನೆಗಳಿಗೆ ಸಿಕ್ಕಿತು. ರೋಮನ್ ಸಿರಿವಂತರ ಮನೆಗಳವು; ಗೋಡೆಯ ಚಿತ್ರ, ನೆಲದ ಮೊಸಾಯಿಕ್ ಎಲ್ಲ ಚಾವಣಿಯ ಕೆಳಗೆ ಜೋಪಾನವಾಗಿವೆ. ಟಿಕೆಟ್ ಬೇರೆ, ಮೆಟ್ಟಿಲು ಬಹಳ. ನಮ್ಮ ಬಸ್ಸಿನವರು ಅದರ ಬಾಗಿಲನ್ನೂ ತೋರಿಸಿರಲಿಲ್ಲ. ಸೆಲ್ಸಸ್ ಗ್ರಂಥಾಲಯದ ಮುಂಭಾಗ, ಬಿದ್ದಿದ್ದ ಕಲ್ಲುಗಳನ್ನೇ ಜೋಡಿಸಿ 1970ರ ದಶಕದಲ್ಲಿ ಎತ್ತಿ ನಿಲ್ಲಿಸಿದ್ದು. ಅಲ್ಲಿನ ನಾಲ್ಕು ಸ್ತ್ರೀಮೂರ್ತಿಗಳು ನಕಲು, ಮೂಲ ಇರುವುದು ವಿಯೆನ್ನಾದಲ್ಲಿ. ಗ್ರಂಥಾಲಯ ಯಾರ ಹೆಸರಿನದೋ ಆ ರೋಮನ್ ಅಧಿಕಾರಿ ಸೆಲ್ಸಸ್‌ನ ಸಮಾಧಿಯೂ ಅದರಡಿಯಲ್ಲೇ ಇದೆ. ಇದನ್ನೆಲ್ಲ ನಮ್ಮ ಗೈಡ್ ನೆರಳಲ್ಲಿ ಕೂರಿಸಿ ಹೇಳಿದರು. ನನ್ನ ಮಂಡಿಗೆ ಆ ಕೂರುವುದೂ ಬೇಕಿತ್ತು. ಅಮೃತಶಿಲೆಯ ಇಳಿಜಾರು ದಾರಿ ನುಣುಪಾಗಿ ಜಾರುತ್ತದೆ.

ಅಲ್ಲೇ ಸಮೀಪದ, ಗ್ರೀಕ್ ದೇವತೆ ಆರ್ಟೆಮಿಸ್‌ಳ ದೇಗುಲದಲ್ಲಿ ನಿಂತಿರುವುದು ಒಂದೇ ಕಂಬ. ಹತ್ತು ನಿಮಿಷ ಸಾಕು.

ಬಸ್ಸಿಗೆ ಒಂದು ಅನುಕೂಲ ಉಂಟು: ಹಡಗಿನ ಟೂರು ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಈ ದಿಗಿಲಿನಲ್ಲಿ ದಿನವಿಡೀ ಗಡಿಯಾರ ನೋಡುವವರು ಬಸ್ಸಿಗೇ ಹೋಗಲಿ. ನಾವು ಎಲ್ಲಿಗೆ ಹೋದರೂ ಎರಡು ತಾಸು ಮೊದಲೇ ತಲುಪುವ ಜನ, ಹಾಗಾಗಿ ಅದು ನಮ್ಮನ್ನು ಕಾಡಲಿಲ್ಲ.

ಖರ್ಚಿನ ಲೆಕ್ಕ ಹೀಗೆ: ಬಸ್ಸಿಗೆ ತಲೆಗಿಷ್ಟು, ಗೈಡ್‌ಗೂ ವ್ಯಾನಿಗೂ ದಿನಕ್ಕಿಷ್ಟು. ಇಬ್ಬರೇ ಆದರೆ ಕೈ ಕಚ್ಚುತ್ತದೆ. ಹಡಗಿನಲ್ಲಿ ಪರಿಚಯವಾದ ಇನ್ನೊಂದು ಜೋಡಿ ಸೇರಿಕೊಂಡಿದ್ದರಿಂದ ನಮಗೆ ಹೊರೆಯಾಗಲಿಲ್ಲ. ಟರ್ಕಿಯಲ್ಲಿ ಗೈಡ್‌ಗಳಿಗೆ ಸರ್ಕಾರದ ಲೈಸೆನ್ಸ್ ಕಡ್ಡಾಯ, ಅದನ್ನು ಕೇಳಿ ನೋಡಿ. ಬುಕ್ ಮಾಡುವಾಗಲೇ ‘ಯಾವ ಅಂಗಡಿಗೂ ಬೇಡ’ ಎಂದು ಬರೆದು ಕಳಿಸಿ, ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ.